ಆಯುಧಧಾರಣೆಯೂ ಆತ್ಮರಕ್ಷಣೆಯ ಹಕ್ಕೂ: ಕರಾವಳಿ ಮತ್ತು ಕೊಡಗು

ಮಂಗಳೂರಿನಿಂದ ಮೂಡಬಿದಿರೆಗೆ ಹೋಗುವ ಹೆದ್ದಾರಿಯ ಮೇಲಿನ ಕುಲಶೇಖರದಂತಹ ಊರಿನಲ್ಲಿ ಬೇಲಿಯ ಅಥವಾ ದಾರಿಯ ವಿಷಯವಾಗಿ ಇಬ್ಬರೊಳಗೆ ಕಲಹ ಹುಟ್ಟಿ, ಒಬ್ಬನ ಸೊಂಟದಲ್ಲಿ ಮರವೇರುವವನ ಕತ್ತಿಯಿದ್ದಿತೆಂದರೆ, ನ್ಯಾಯಾಧೀಶನ ಮುಂದೆ ಎರಡು ಪ್ರಶ್ನೆಗಳು ಏಳುವುವು. ಆ ಕತ್ತಿಯನ್ನು ಇಟ್ಟುಕೊಂಡು ತಿರುಗಲು ಅವನಿಗೆ ಅಧಿಕಾರವಿದ್ದಿತೇ? ಅದನ್ನು ಎತ್ತಲು ಅಧಿಕಾರವಿದ್ದಿತೇ? ಲೋಕದ ಮಾತಿನಲ್ಲಿ ಇವೆರಡೂ ಒಂದರೊಡನೊಂದು ಬೆರೆತಿವೆ. ಆದರೆ ಇವು ಬೇರೆ ಬೇರೆ ಶಾಸನಗಳಿಂದ, ಅಷ್ಟೇಕೆ, ಪರಸ್ಪರ ವಿರುದ್ಧವಾದ ಉದ್ದೇಶಗಳಿಂದ ಹುಟ್ಟಿದವು.

1837ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅಮರಸುಳ್ಯದ ರೈತರು ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಂಡೆದ್ದು, ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಮಂಗಳೂರನ್ನು ಹಿಡಿದು ಕೆಲವು ದಿನ ತಮ್ಮ ಅಧೀನದಲ್ಲಿಟ್ಟುಕೊಂಡರು. 1834ರಲ್ಲಿ ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಲ್ಪಟ್ಟಿದ್ದ ಆ ಸೀಮೆಯಲ್ಲಿ ಕಂದಾಯವನ್ನು ಧಾನ್ಯಕ್ಕೆ ಬದಲಾಗಿ ನಾಣ್ಯದಲ್ಲಿ ತೆರಬೇಕಾಗಿ ಬಂದುದು ಈ ದಂಗೆಯ ಒಂದು ಮುಖ್ಯ ಕಾರಣ. ಇದನ್ನಡಗಿಸುವುದರಲ್ಲಿ ಇಂಗ್ಲಿಷರಿಗೆ ನೆರವಾದ ಕೊಡವರಿಗೆ ಪದಕಗಳು ದೊರೆತವು. ಅದೇ ವರ್ಷದ ಅಕ್ಟೋಬರಿನಲ್ಲಿ ಮೆಕಾಲೆಯ ಕಾನೂನು ಆಯೋಗವು ದಂಡಸಂಹಿತೆಯ ಕರಡನ್ನು ಒಪ್ಪಿಸಿತು. ಈ ದೇಶದ ಜನರು ಅನ್ಯಾಯವನ್ನು ಅತಿಯಾಗಿ ಸಹಿಸುವವರು. ಆದುದರಿಂದ ಆತ್ಮರಕ್ಷಣೆಯ ಹಕ್ಕಿಗೆ ಕಟ್ಟುಗಳನ್ನು ಹೆಚ್ಚಿಸುವುದಕ್ಕಿಂತ ಅವರ ಪೌರುಷವನ್ನು ಎಚ್ಚರಿಸುವುದೇ ಲೇಸು ಎಂಬುದು ಆ ಕರಡಿನ ಟಿಪ್ಪಣಿಯ ಅಭಿಪ್ರಾಯ. ಆರು ತಿಂಗಳ ಹಿಂದೆ ಮಂಗಳೂರಿನಲ್ಲಿ ನಡೆದ ಸಂಗತಿಯು ಟಿಪ್ಪಣಿಕಾರರ ಕಿವಿಗೆ ಬಿದ್ದಿರಲಿಲ್ಲವೋ ಏನೋ!

ಆ ಕರಡು ಪರಿಷ್ಕೃತವಾಗಿ 1860ರಲ್ಲಿ ಶಾಸನವಾಯಿತು. ಅದರ 96ರಿಂದ 106ರ ವರೆಗಿನ ಕಲಮುಗಳು ತನ್ನ ದೇಹವನ್ನೂ ಪರರ ದೇಹವನ್ನೂ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕನ್ನು ಎಲ್ಲರಿಗೂ ಕೊಟ್ಟವು. ಇದಕ್ಕೆ ಮಿತಿಗಳುಂಟು: ಸರ್ಕಾರದ ಅಧಿಕಾರಿಗಳ ರಕ್ಷಣೆಯನ್ನು ಪಡೆಯಲು ಅವಕಾಶವಿದ್ದಲ್ಲಿ ಈ ಹಕ್ಕಿಲ್ಲ, ಆವಶ್ಯಕವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದು. ವಿಚಿತ್ರವೆಂದರೆ, ಹಕ್ಕು ಕೊಟ್ಟ ಕೈಯೇ ಸಾಧನವನ್ನು ಕಿತ್ತುಕೊಂಡಿತು. 1857ರ ದಂಗೆಯ ಅನಂತರ ನಿರಾಯುಧೀಕರಣದ ಶಾಸನಗಳು ಬಂದವು. ಲಿಟ್ಟನ್ನನ ಕಾಲದ 1878ರ ಆಯುಧಶಾಸನವು ಪರವಾನಗಿಯ ಪದ್ಧತಿಯನ್ನು ಸ್ಥಿರಪಡಿಸಿತು. ಘಟ್ಟದ ಕೆಳಗಿನ ರೈತನಿಗೆ ಉಳಿದುದು ಹಕ್ಕು, ಮತ್ತು ಕೈಗೆ ಸಿಕ್ಕ ಕತ್ತಿ ದೊಣ್ಣೆಗಳು.

ಘಟ್ಟದ ಮೇಲೆ ಹಾಗಾಗಲಿಲ್ಲ. ಮೈಸೂರು ಮತ್ತು ಕೊಡಗುಗಳ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ 1861ರ ಪ್ರಕಟಣೆಯಿಂದ ಕೊಡವರನ್ನು ನಿರಾಯುಧೀಕರಣದಿಂದ ಬಿಡಿಸಿದನು. ಅದಕ್ಕೆ ಕೊಟ್ಟ ಕಾರಣ ಅವರ ಶೌರ್ಯ ಮತ್ತು ರಾಜನಿಷ್ಠೆ. ಆ ನಿಷ್ಠೆಯು ಪರೀಕ್ಷೆಗೆ ಬಂದುದು 1837ರಲ್ಲಿಯೇ ಆದುದರಿಂದ, ಕರಾವಳಿಯ ಸೋಲಿಗೂ ಕೊಡಗಿನ ಕೋವಿಗೂ ಒಳಗಿನ ನಂಟುಂಟೆಂದು ಊಹಿಸಲು ಅಡ್ಡಿಯಿಲ್ಲ. ಹಾಗೆಂದು ಇದನ್ನು ಬರಿಯ ಬಹುಮಾನವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ರಾಜರ ಕಾಲದಿಂದಲೂ ಜಮ್ಮಾ ಭೂಮಿಯನ್ನು ಅರ್ಧ ಕಂದಾಯಕ್ಕೆ ಅನುಭವಿಸುತ್ತಿದ್ದವರು ಅದಕ್ಕೆ ಪ್ರತಿಯಾಗಿ ಆಯುಧ ಹಿಡಿದು ಸೇವೆಗೆ ಬರಬೇಕಾಗಿದ್ದಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ. ಗಂಡು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ನಡುವಿನ ಚೇಲೆಯಲ್ಲಿ ಪೀಚೆಕತ್ತಿ, ಬೆನ್ನಿನ ಮೇಲೆ ಒಡಿಕತ್ತಿ. ಎರಡೂ ಕಾಣುವಂತೆ ಧರಿಸತಕ್ಕವು. ಮರೆಮಾಡುವುದರಲ್ಲಿ ಗೌರವವಿರಲಿಲ್ಲ.

ಇಂದಿನ ಕಾನೂನಿನ ದೃಷ್ಟಿ ಬೇರೆ. ಕೋವಿಯನ್ನು ಸಾರ್ವಜನಿಕ ಸ್ಥಳದಲ್ಲಿ ಒಯ್ಯುವಾಗ ಅದು ಚೀಲದೊಳಗೆ ಮುಚ್ಚಿರಬೇಕೆಂದೂ ಝಳಪಿಸಕೂಡದೆಂದೂ 2016ರ ಆಯುಧ ನಿಯಮಗಳ ಕಟ್ಟಳೆ. ಆಯುಧವೆಂದರೇನೆಂಬುದನ್ನು ಹೇಳುವ 1959ರ ಶಾಸನವು ಕೇವಲ ಮನೆಗೆಲಸಕ್ಕಾಗಿ ಅಥವಾ ಬೇಸಾಯಕ್ಕಾಗಿ ಮಾಡಿದ ವಸ್ತುಗಳನ್ನು ಬಿಟ್ಟಿದೆ. ಮರವೇರುವವನ ಕತ್ತಿಯು ಇದರಿಂದ ಪಾರಾಗುವುದು. ಆದರೆ ಕರ್ನಾಟಕದ 1963ರ ಪೊಲೀಸ್ ಶಾಸನದ 35ನೆಯ ಕಲಮಿನಂತೆ ಆಜ್ಞೆ ಹೊರಟರೆ, ಕತ್ತಿಯಿರಲಿ, ದೊಣ್ಣೆಯನ್ನೂ ಹಿಡಿದು ತಿರುಗುವಂತಿಲ್ಲ. ಕೋಮುಗಲಭೆಗಳ ದಿನಗಳಲ್ಲಿ ಮಂಗಳೂರಿನವರಿಗೆ ಇಂತಹ ಆಜ್ಞೆಗಳು ಪರಿಚಿತವೇ.

ಕೊಡಗಿನ ವಿನಾಯಿತಿಯು ಸ್ವಾತಂತ್ರ್ಯದ ಅನಂತರವೂ ಉಳಿಯಿತು. ಕೊಡವರಿಗೂ, ಕುಲವನ್ನೆಣಿಸದೆ ಜಮ್ಮಾ ಹಿಡುವಳಿದಾರರಿಗೂ ಅದು ಸಲ್ಲುವುದು. ಒಂದು ಕುಲಕ್ಕೆ ಮಾತ್ರ ಇಂತಹ ಸೌಲಭ್ಯವು ಸಮಾನತೆಗೆ ವಿರುದ್ಧವಲ್ಲವೇ ಎಂಬ ಆಕ್ಷೇಪವು ಹಗುರವಾದುದಲ್ಲ. 1837ರಲ್ಲಿ ಸೋತವರ ವಂಶದವರು ಅದನ್ನು ಕೇಳಿದರೆ ತಪ್ಪೆನ್ನಲಾಗದು. ಆದರೂ ಕರ್ನಾಟಕದ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೇಂದ್ರ ಸರ್ಕಾರವು 2019ರಲ್ಲಿಯೇ ಅದನ್ನು 2029ರ ವರೆಗೆ ಮುಂದುವರಿಸಿದ್ದಿತು.

ಈ ವಿನಾಯಿತಿಯಿಂದ ಆಯುಧವನ್ನು ಎತ್ತುವ ಹಕ್ಕು ಎಳ್ಳಷ್ಟೂ ಹೆಚ್ಚಿಲ್ಲ. 2024ರ ಜುಲೈ 1ರಿಂದ ದಂಡಸಂಹಿತೆಯ ಸ್ಥಾನದಲ್ಲಿ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಕಲಮುಗಳು 34ರಿಂದ 44ರ ವರೆಗೆ ಹಳೆಯ ಅರ್ಥದಲ್ಲಿಯೇ ಇವೆ. ಪರವಾನಗಿಯಿಲ್ಲದೆ ಕೋವಿಯಿಟ್ಟುಕೊಂಡ ಮಡಿಕೇರಿಯವನೂ, ಸೊಂಟದ ಕತ್ತಿಯೊಂದನ್ನೇ ಬಲ್ಲ ಕುಲಶೇಖರದವನೂ ಬೇಲಿಯ ಜಗಳದಲ್ಲಿ ಕೈಯೆತ್ತಿದರೆ ಉತ್ತರ ಹೇಳಬೇಕಾದ ಪ್ರಶ್ನೆ ಒಂದೇ: ಎದುರಾಳಿಯಿಂದ ಬಂದ ಅಪಾಯವೆಷ್ಟು, ಅದು ಕಳೆದ ಮೇಲೆಯೂ ಕೈ ನಡೆಯಿತೇ ಎಂಬುದು.