ಮದುವೆಯ ಮೂರು ಸಿಡಿ ಮತ್ತು ಹಳೆ ಲ್ಯಾಪ್‌ಟಾಪಿನ ಟ್ರೇ

ಇಪ್ಪತ್ತು ವರ್ಷದ ಹಿಂದೆ ಮದುವೆಯಾದವರ ಮನೆಯಲ್ಲಿ ಹುಡುಕಿದರೆ, ಬೀರುವಿನ ಸೀರೆಗಳ ಕೆಳಗೋ ಟಿವಿ ಸ್ಟ್ಯಾಂಡಿನ ಹಿಂದೆಯೋ ಎರಡು ಮೂರು ಸಿಡಿ ಸಿಗುತ್ತವೆ. ಮೇಲೆ ಸ್ಟುಡಿಯೋದವರು ಭಾಗ 1, ಭಾಗ 2 ಎಂದು ಬರೆದಿರುತ್ತಾರೆ. ಒಂದೇ ಮದುವೆಗೆ ಮೂರು ಸಿಡಿ ಯಾಕೆ? ಜಾಸ್ತಿ ದುಡ್ಡು ಕೀಳಲಿಕ್ಕೆ ಎಂದು ನಂಬಿದವರು ಈಗಲೂ ಇದ್ದಾರೆ. ಪಾಪ, ಸ್ಟುಡಿಯೋದವರ ತಪ್ಪಲ್ಲ. 1993ರಲ್ಲಿ ಬಂದ ವಿಡಿಯೋ ಸಿಡಿಯಲ್ಲಿ ಹಿಡಿಯುತ್ತಿದ್ದುದೇ ಸುಮಾರು 74 ನಿಮಿಷದ ಚಿತ್ರ. ಧಾರೆ ಒಂದರಲ್ಲಿ, ಊಟ ಇನ್ನೊಂದರಲ್ಲಿ, ಹೆಣ್ಣು ಒಪ್ಪಿಸಿಕೊಡುವಾಗಿನ ಅಳು ಮೂರನೆಯದರಲ್ಲಿ.

ಸಿಡಿ ಹುಟ್ಟಿದ್ದು ಹಾಡಿಗಾಗಿ. ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಸೇರಿ 12 ಸೆಂಟಿಮೀಟರ್ ಅಗಲದ ಈ ತಟ್ಟೆಯನ್ನು ರೂಪಿಸಿದವು. 1982ರ ಆಗಸ್ಟಿನಲ್ಲಿ ಜರ್ಮನಿಯ ಹ್ಯಾನೋವರ್ ಹತ್ತಿರದ ಕಾರ್ಖಾನೆಯಲ್ಲಿ ಅದರ ತಯಾರಿಕೆ ಶುರುವಾಯಿತು. ಅಕ್ಟೋಬರ್ 1ರಂದು ಸೋನಿಯ ಮೊದಲ ಪ್ಲೇಯರ್ ಜಪಾನಿನ ಅಂಗಡಿಗೆ ಬಂತು. ಗ್ರಾಮಾಫೋನಿನಲ್ಲಿ ಮುಳ್ಳು ತಟ್ಟೆಯನ್ನು ಉಜ್ಜುತ್ತಿತ್ತು, ಇಲ್ಲಿ ಬೆಳಕಷ್ಟೇ ತಾಗುತ್ತದೆ. ಹಾಗಾಗಿ ಸಿಡಿ ಸವೆಯುವುದೇ ಇಲ್ಲ ಎಂಬ ಮಾತು ಹಬ್ಬಿತು. ಮುಂದೆ ಕಂಪ್ಯೂಟರಿನ ಮಾಹಿತಿಯೂ ಅದೇ ತಟ್ಟೆಗೆ ಬಂತು. 1994ರಲ್ಲಿ ಐಬಿಎಂ ತನ್ನ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಒಳಗೇ ಸಿಡಿ ಡ್ರೈವ್ ಕೂರಿಸಿತು.

ಆದರೆ ಸವೆಯುವುದಿಲ್ಲ ಎಂಬ ಮಾತು ಕಾರ್ಖಾನೆಯ ಸಿಡಿಯನ್ನು ನೋಡಿ ಆಡಿದ್ದು. ಅಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಸಣ್ಣ ಸಣ್ಣ ಗುಳಿಗಳನ್ನು ಅಚ್ಚೊತ್ತಿ, ಮೇಲೆ ಅಲ್ಯೂಮಿನಿಯಂ ಲೇಪಿಸುತ್ತಾರೆ. ಸ್ಟುಡಿಯೋದವರು ಬರ್ನ್ ಮಾಡಿ ಕೊಟ್ಟದ್ದು ಬೇರೆ ಜಾತಿ. ಅದರೊಳಗೆ ಗುಳಿಗಳಿಲ್ಲ, ತೆಳುವಾದ ಬಣ್ಣದ ಪದರವಿದೆ. ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಿಸಿಲು, ಸೆಕೆ, ಮಳೆಗಾಲದ ತೇವಕ್ಕೆ ಬಣ್ಣ ಮಾಸುತ್ತಾ ಹೋಗುತ್ತದೆ. ಅಂಗಡಿಯಲ್ಲಿ ಕೊಂಡ ಸಿನಿಮಾ ಸಿಡಿ ಇನ್ನೂ ಓಡುತ್ತಿದ್ದು, ಅದರ ಪಕ್ಕದಲ್ಲೇ ಇಟ್ಟ ಮದುವೆ ಸಿಡಿ ನಿಂತುಹೋಗುವುದು ಇದಕ್ಕೇ. ಸಿನಿಮಾ ಮತ್ತೆ ಎಲ್ಲಾದರೂ ಸಿಕ್ಕೀತು. ಅಜ್ಜಿಯ ಸೋಬಾನೆ, ಊರ ಜಾತ್ರೆಯ ಬಯಲಾಟ ಇನ್ನೆಲ್ಲಿ ಸಿಗಬೇಕು?

ಇತ್ತ ಓದುವ ಯಂತ್ರವೂ ಮರೆಯಾಯಿತು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯೊಳಗಿಂದ ಮ್ಯಾಕ್‌ಬುಕ್ ಏರ್ ತೆಗೆದು ತೋರಿಸಿದರು. ಅದರಲ್ಲಿ ಡಿಸ್ಕ್ ಡ್ರೈವ್ ಇರಲಿಲ್ಲ. ಆಗ ನಕ್ಕವರೂ ಆಮೇಲೆ ಅದೇ ದಾರಿ ಹಿಡಿದರು. ಈಗ ಮನೆಯಲ್ಲಿ ಮೂಲೆ ಸೇರಿರುವ ಹಳೆ ಲ್ಯಾಪ್‌ಟಾಪೇ ಆ ಸಿಡಿಗಳಿಗೆ ಉಳಿದ ಬಾಗಿಲು. ಗುಜರಿಗೆ ಹಾಕಬೇಡಿ.

ಡ್ರೈವ್ ಕರಕರ ಎಂದು ತಿರುಗಿ ಸುಮ್ಮನಾದರೆ ಸತ್ತಿತು ಅನ್ನಬೇಡಿ, ಹೆಚ್ಚಿನ ಸಲ ದೂಳೇ ಕಾರಣ. ಲ್ಯಾಪ್‌ಟಾಪ್ ಆಫ್ ಮಾಡಿ, ಟ್ರೇ ಮುಂಭಾಗದ ಸಣ್ಣ ತೂತಿಗೆ ನೇರ ಮಾಡಿದ ಪೇಪರ್ ಕ್ಲಿಪ್ ಒತ್ತಿದರೆ ಟ್ರೇ ಬಿಚ್ಚಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಡ್ರೈವಿನಲ್ಲಿ ಒಂದು ಅನುಕೂಲ: ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಗಾಜಿನ ಕಣ್ಣು ಟ್ರೇಯ ಮೇಲೆಯೇ ಇರುತ್ತದೆ, ಸ್ಕ್ರೂ ಬಿಚ್ಚಬೇಕಿಲ್ಲ. ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ಅನ್ನು ಹತ್ತಿಕಡ್ಡಿಗೆ ಒಂದು ಹನಿ ಮುಟ್ಟಿಸಿ, ಒತ್ತದೆ ಸವರಿ. ಆ ಕಣ್ಣು ಕೂದಲೆಳೆಯಂಥ ತಂತಿಗಳ ಮೇಲೆ ತೂಗುತ್ತಿರುತ್ತದೆ. ಸ್ಯಾನಿಟೈಸರ್ ಬೇಡ, ಅಂಟು ಉಳಿಯುತ್ತದೆ. ಬಾಯಿಂದ ಊದಲೂ ಬೇಡಿ, ಎಂಜಲು ಬೀಳುತ್ತದೆ.

ಸಿಡಿಯನ್ನು ಲುಂಗಿಗೆ ಗುಂಡಗೆ ಉಜ್ಜುವುದು ನಮ್ಮೆಲ್ಲರ ಅಭ್ಯಾಸ. ಮಾಹಿತಿ ಇರುವುದೂ ಗುಂಡಗೆ ಸುತ್ತಿಕೊಂಡೇ. ಅದೇ ದಿಕ್ಕಿನಲ್ಲಿ ಗೀರು ಬಿದ್ದರೆ ಒಟ್ಟಿಗೇ ಉದ್ದದ ಸಾಲು ಹಾಳು. ಅಡ್ಡ ಗೀರಾದರೆ ಸಣ್ಣ ಚೂರು ಮಾತ್ರ ಹೋಗುತ್ತದೆ, ಅದನ್ನು ಡ್ರೈವ್ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಅದಕ್ಕೇ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ. ಇನ್ನೊಂದು ಮಾತು, ಸಿಡಿಯ ಹೊಳೆಯುವ ಬದಿಗಿಂತ ಹೆಸರು ಬರೆಯುವ ಬದಿಯೇ ನಾಜೂಕು. ಬಣ್ಣದ ಪದರ ಇರುವುದು ಆ ಕಡೆ, ತೆಳ್ಳನೆ ವಾರ್ನಿಷ್ ಕೆಳಗೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದಲ್ಲಿ ಒಳಗಿನದೂ ಕೆಡಬಹುದು.

ಟ್ರೇಗೆ ಸಿಡಿ ಹಾಕುವಾಗ ಕೆಳಗೆ ಒಂದು ಕೈ ಆಸರೆ ಕೊಟ್ಟು ನಡುವೆ ಒತ್ತಿ, ಇಲ್ಲದಿದ್ದರೆ ಟ್ರೇ ಬಾಗುತ್ತದೆ. ಹಳೆ ಬ್ಯಾಟರಿ ನಂಬದೆ ಚಾರ್ಜರ್ ಹಾಕಿಯೇ ಓಡಿಸಿ. ಸಿಡಿ ಓದಿ ಡಿವಿಡಿ ಓದದಿದ್ದರೆ ಗಾಬರಿಯಾಗಬೇಡಿ. ಎರಡಕ್ಕೂ ಬೇರೆ ಬೇರೆ ಲೇಸರ್, ಒಂದು ಮಾತ್ರ ಸೋತಿರಬಹುದು.

ಡ್ರೈವ್ ಕೆಲಸ ಮಾಡಿದ ದಿನ ಕೂತು ಮದುವೆ ನೋಡಬೇಡಿ, ಮೊದಲು ಕಾಪಿ ಮಾಡಿ. ವಿಡಿಯೋ ಸಿಡಿಯಲ್ಲಿ ಎಂಪಿಇಜಿಎವಿ ಎಂಬ ಫೋಲ್ಡರ್ ಇರುತ್ತದೆ, ಚಿತ್ರ ಅದರೊಳಗಿನ ಡ್ಯಾಟ್ ಫೈಲಿನಲ್ಲಿ. ವಿಎಲ್‌ಸಿಯಲ್ಲಿ ಅದು ಓಡುತ್ತದೆ. ಅರ್ಧಕ್ಕೆ ನಿಂತರೆ ಒರೆಸಿ ಮತ್ತೆ ಹಾಕಿ, ಆಗಲೂ ಆಗದಿದ್ದರೆ ಪಕ್ಕದ ಮನೆಯ ಲ್ಯಾಪ್‌ಟಾಪಿನಲ್ಲಿ ನೋಡಿ. ಒಂದು ಡ್ರೈವ್ ಒಲ್ಲೆ ಎಂದದ್ದನ್ನು ಇನ್ನೊಂದು ಓದುವುದುಂಟು.

ಲ್ಯಾಪ್‌ಟಾಪ್ ಜೋರಾಗಲಿ ಎಂದು ಅಂಗಡಿಗೆ ಕೊಟ್ಟರೆ, ಕೆಲವರು ಡಿಸ್ಕ್ ಡ್ರೈವ್ ಕಿತ್ತು ಆ ಜಾಗದಲ್ಲಿ ಎರಡನೇ ಹಾರ್ಡ್ ಡಿಸ್ಕ್ ಕೂರಿಸಿ ಕೊಡುತ್ತಾರೆ. ಕೂರಿಸಲಿ. ಕಿತ್ತ ಡ್ರೈವನ್ನು ಮಾತ್ರ ಕೇಳಿ ವಾಪಸ್ ತನ್ನಿ.