ತಾಳಗುಂದದ ಸ್ತಂಭವೂ ಒಂದು ಆಟದ ಚರಿತ್ರೆಯೂ

೧

ಶಿಕಾರಿಪುರ ತಾಲ್ಲೂಕಿನ ತಾಳಗುಂದವು ಕರ್ನಾಟಕದ ಇತಿಹಾಸವನ್ನು ಓದುವವರಿಗೆ ಹೊಸ ಹೆಸರಲ್ಲ. ಕದಂಬ ವಂಶದ ಉದಯದ ವಿಷಯವಾಗಿ ನಮಗೆ ತಿಳಿದಿರುವುದರಲ್ಲಿ ಬಹುಭಾಗವು ಅಲ್ಲಿಯ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನದಿಂದಲೇ ದೊರೆತುದಾಗಿದೆ. ಕೆಲಕಾಲದ ಹಿಂದೆ ಪದವಿ ತರಗತಿಯ ವಿದ್ಯಾರ್ಥಿಗಳೊಡನೆ ಆ ಸ್ಥಳಕ್ಕೆ ಹೋಗುವ ಸಂದರ್ಭವು ಒದಗಿತು. ಕಂಬವು ಎಂಟು ಮೂಲೆಯದು. ಅಕ್ಷರಗಳ ಸಾಲುಗಳು ಅದರ ಮುಖಗಳ ಮೇಲೆ ಕೆಳಗಿನಿಂದ ಮೇಲಕ್ಕೆ ಸಾಗುತ್ತವೆ. ವಿದ್ಯಾರ್ಥಿಗಳು ಕತ್ತನ್ನು ಓರೆಮಾಡಿ ಅಕ್ಷರಗಳನ್ನು ಗುರುತಿಸಲು ಯತ್ನಿಸುತ್ತಿದ್ದರು. ಅವರಲ್ಲೊಬ್ಬನು ಮಾತ್ರ ಜಗಲಿಯ ಅಂಚಿನಲ್ಲಿ ಕುಳಿತು ಕೈಯಲ್ಲಿದ್ದ ಕ್ಯಾಲ್ಕುಲೇಟರಿನ ಕೀಲಿಗಳನ್ನು ಒತ್ತುತ್ತಿದ್ದನು. ವಿಚಾರಿಸಲಾಗಿ, ಹೊರದೇಶದಲ್ಲಿರುವ ಬಂಧುವೊಬ್ಬರು ಕೊಟ್ಟ ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ತಾನೇ ರಚಿಸಿದ ಆಕಾಶಯುದ್ಧದ ಆಟವನ್ನು ಆಡುತ್ತಿರುವುದಾಗಿ ಸಂಕೋಚದಿಂದಲೇ ತಿಳಿಸಿದನು. ಗದರಿಸಬೇಕೆಂದು ಹೊರಟ ನನ್ನ ಮಾತು ಅವನ ಒಂದು ಪ್ರಶ್ನೆಯಿಂದ ನಿಂತುಹೋಯಿತು: “ಇಂಥದಕ್ಕೂ ಚರಿತ್ರೆ ಇರುತ್ತದೆಯೇ?”

ಪ್ರಸ್ತುತ ಲೇಖನವು ಆ ಪ್ರಶ್ನೆಗೆ ಉತ್ತರ ಕೊಡುವ ಪ್ರಯತ್ನವಾಗಿದೆ.

೨

ಮೊದಲು ಸ್ತಂಭವು ಏನನ್ನು ಹೇಳುತ್ತದೆಂಬುದನ್ನು ಸ್ಮರಿಸುವುದು ಉಚಿತ. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಉಚ್ಚ ವಿದ್ಯಾಭ್ಯಾಸಕ್ಕಾಗಿ ಹೋದನು. ಅಲ್ಲಿ ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಉಂಟಾದ ಕಲಹದಿಂದ ಅವಮಾನಿತನಾಗಿ, ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿದು ಪಳಗಿದ ಕೈಯಲ್ಲಿಯೇ ಖಡ್ಗವನ್ನು ಹಿಡಿದನು. ಗಡಿಯ ಅಂತಪಾಲರನ್ನು ಸೋಲಿಸಿ ಶ್ರೀಪರ್ವತದವರೆಗಿನ ಅರಣ್ಯವನ್ನು ವಶಪಡಿಸಿಕೊಂಡನು. ಬೃಹದ್ಬಾಣರಿಂದ ಕಪ್ಪವನ್ನು ಪಡೆದನು. ಕೊನೆಗೆ ಪಲ್ಲವರು ಅವನೊಡನೆ ಸಂಧಿ ಮಾಡಿಕೊಳ್ಳಬೇಕಾಯಿತು. ಇದು ನಾಲ್ಕನೆಯ ಶತಮಾನದ ಮಾತು. ಸುಮಾರು ನೂರು ವರ್ಷಗಳ ಅನಂತರ, ಶಾಂತಿವರ್ಮನ ಕಾಲದಲ್ಲಿ, ಈ ವೃತ್ತಾಂತವು ಕಲ್ಲನ್ನೇರಿತು.

ಈ ಕಥನದ ತಿರುಳು ಕೈಯ ಚಿತ್ರದಲ್ಲಿದೆ. ಕಲಿಕೆಯ ಸಾಧನವನ್ನು ಹಿಡಿದ ಕೈಯೇ ಯುದ್ಧಕ್ಕೂ ತಿರುಗಿತು. ಮುಂದೆ ಇದೇ ಊರು ಸ್ಥಾನಗುಂದೂರೆಂಬ ಮಹಾ ಅಗ್ರಹಾರವಾಗಿ ಖ್ಯಾತಿಗೊಂಡಾಗಲೂ ವಿದ್ಯೆ, ಆಯುಧ, ಕಲೆಗಳ ನಡುವೆ ಗೋಡೆ ಇರಲಿಲ್ಲ. ೧೨ನೆಯ ಶತಮಾನದ ಶಾಸನಗಳು ವೇದ, ವೇದಾಂಗ, ಮೀಮಾಂಸೆ, ತರ್ಕಗಳ ಜೊತೆಯಲ್ಲಿಯೇ ಕಾವ್ಯ, ವೈದ್ಯ, ವಾಸ್ತು, ಸಂಗೀತ, ನೃತ್ಯಗಳನ್ನೂ ಶಸ್ತ್ರಪ್ರಯೋಗವನ್ನೂ ಬಲ್ಲವರು ಇಲ್ಲಿದ್ದರೆಂದು ಹೊಗಳುತ್ತವೆ. ಅಡಿಗೆಯ ನಿಪುಣರನ್ನು ಸಹ ಮರೆಯುವುದಿಲ್ಲ. ಆಟವು ವಿದ್ಯೆಯ ಹೊರಗಿನದೆಂಬ ಭಾವನೆಯನ್ನು ಇಟ್ಟುಕೊಂಡು ತಾಳಗುಂದದಲ್ಲಿ ನಿಲ್ಲುವುದು ಕಷ್ಟ.

೩

ಇನ್ನು ವಿದ್ಯಾರ್ಥಿಯ ಆಟಕ್ಕೆ ಬರೋಣ. ಆ ಯಂತ್ರದ ಪರದೆಯು ಅಡ್ಡಕ್ಕೆ ೯೬, ಉದ್ದಕ್ಕೆ ೬೪ ಚುಕ್ಕೆಗಳಷ್ಟು ಮಾತ್ರ. ಅಕ್ಷರಗಳನ್ನು ಬರೆಯುವಾಗ ಅದು ೮ ಸಾಲು, ೧೬ ಮನೆಗಳ ಚೌಕವಾಗುತ್ತದೆ. ಎಂದರೆ ಒಟ್ಟು ೧೨೮ ಮನೆಗಳು, ಸರಿಯಾಗಿ ಎರಡು ಚದುರಂಗದ ಹಾಸುಗಳು. ಕೆಳಗಿನ ಸಾಲಿನಲ್ಲಿ ಒಂದು ಅಕ್ಷರವು ನಮ್ಮ ನೌಕೆ. ಮೇಲಿನ ಸಾಲಿನಲ್ಲಿ ಇನ್ನೊಂದು ಅಕ್ಷರವು ವೈರಿ. ನಡುವೆ ಏರುವ ಒಂದು ಚುಕ್ಕೆಯೇ ಬಾಣ. ಯಂತ್ರವು ಪ್ರತಿ ಕೀಲಿಗೂ ಒಂದು ಸಂಖ್ಯೆಯನ್ನು ಕೊಟ್ಟಿದೆ: ಎಡಬಾಣಕ್ಕೆ ೨೪, ಬಲಬಾಣಕ್ಕೆ ೨೬. ಕ್ರಮವಿಧಿಯು ಬಿಡುವಿಲ್ಲದೆ ಒಂದೇ ಆವರ್ತದಲ್ಲಿ ಸುತ್ತುತ್ತ ‘ಯಾವ ಕೀಲಿ ಒತ್ತಲ್ಪಟ್ಟಿತು?’ ಎಂದು ಕೇಳುತ್ತದೆ. ೨೪ ಬಂದರೆ ನೌಕೆಯ ಸ್ಥಾನದಿಂದ ೧ನ್ನು ಕಳೆಯುತ್ತದೆ, ೨೬ ಬಂದರೆ ೧ನ್ನು ಕೂಡಿಸುತ್ತದೆ. ಹಳೆಯ ಮನೆಯನ್ನು ಅಳಿಸಿ ಹೊಸ ಮನೆಯಲ್ಲಿ ನೌಕೆಯನ್ನು ಬರೆಯುತ್ತದೆ. ಬಾಣದ ಮತ್ತು ವೈರಿಯ ಮನೆಗಳು ಒಂದೇ ಆದರೆ ಜಯ.

ಯಂತ್ರದ ವೇಗವು ಕಡಮೆ. ಆದುದರಿಂದ ಬಾಣವು ಏರುತ್ತಿರುವಷ್ಟು ಹೊತ್ತು ವೈರಿಯು ಅಲುಗಾಡದೆ ನಿಂತಿರುತ್ತಿದ್ದನು. ರಚಿಸಿದವನು ಇದನ್ನು ದೋಷವೆಂದು ಬಗೆಯದೆ ನಿಯಮವನ್ನಾಗಿ ಮಾಡಿಕೊಂಡಿದ್ದನು: ಬಿಟ್ಟ ಬಾಣಗಳು ಹತ್ತೇ, ಗುರಿ ತಪ್ಪಿದರೆ ಒಂದು ನಷ್ಟ. ಸಾಧನದ ಮಿತಿಯೇ ಆಟದ ಧರ್ಮವಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಇಂಥ ಆಟಗಳ ವಂಶಾವಳಿಯು ದೀರ್ಘವಲ್ಲ, ಆದರೆ ಖಚಿತವಾದುದು. ೧೯೬೨ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ಸ್ಟೀವ್ ರಸೆಲ್ ಮತ್ತು ಅವನ ಮಿತ್ರರು ಪಿಡಿಪಿ-೧ ಎಂಬ ಗಣಕದಲ್ಲಿ ‘ಸ್ಪೇಸ್‌ವಾರ್’ ಎಂಬ ಆಟವನ್ನು ಆಡುವ ಸ್ಥಿತಿಗೆ ತಂದರು. ನಡುವೆ ಒಂದು ನಕ್ಷತ್ರ, ಅದರ ಆಕರ್ಷಣೆಗೆ ಸಿಕ್ಕುತ್ತ ತಪ್ಪುತ್ತ ಕಾದಾಡುವ ಎರಡು ನೌಕೆಗಳು. ಅದನ್ನು ಮಾರಾಟಕ್ಕೆಂದು ಮಾಡಿರಲಿಲ್ಲ. ಸಂಶೋಧನೆಗೆಂದು ಬಂದ ಯಂತ್ರದ ಮೇಲೆ ಬಿಡುವಿನ ವೇಳೆಯಲ್ಲಿ ಕಟ್ಟಿದ ಆಟವದು. ೧೯೭೮ರಲ್ಲಿ ಜಪಾನಿನ ತೊಮೊಹಿರೊ ನಿಷಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಮೇಲಿನಿಂದ ಇಳಿಯುವ ವೈರಿ, ಕೆಳಗಿನಿಂದ ಎಸೆಯುವ ವೀರ ಎಂಬ ವಿನ್ಯಾಸವನ್ನು ಲೋಕಪ್ರಸಿದ್ಧಗೊಳಿಸಿತು. ೧೯೮೫ರಲ್ಲಿ ಕ್ಯಾಸಿಯೊ ಸಂಸ್ಥೆಯ ಎಫ್‌ಎಕ್ಸ್-೭೦೦೦ಜಿ ಎಂಬ ಮೊದಲ ಗ್ರಾಫಿಂಗ್ ಕ್ಯಾಲ್ಕುಲೇಟರು ಹೊರಬಂದಿತು. ಕ್ರಮವಿಧಿಗೆಂದು ಅದರಲ್ಲಿದ್ದ ಜಾಗ ಕೇವಲ ೪೨೨ ಬೈಟುಗಳು. ೧೯೯೦ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಟಿಐ-೮೧ ಬಂದ ಮೇಲೆ ಅಮೆರಿಕದ ಶಾಲೆಗಳಲ್ಲಿ ಇವು ಗಣಿತದ ತರಗತಿಯ ಸಾಮಾನ್ಯ ಸಲಕರಣೆಗಳಾದವು. ಮೇಜಿನ ಕೆಳಗೆ ಆಟ ರಚಿಸುವ ವಿದ್ಯಾರ್ಥಿಗಳೂ ಅಲ್ಲಿಂದಲೇ ಹುಟ್ಟಿದರು. ಈ ಬಗೆಯ ಯಂತ್ರವು ಇಲ್ಲಿ ಇಂದಿಗೂ ಅಪರೂಪವೇ.

೪

ಯಂತ್ರವು ಅಪರೂಪವೆಂದ ಮಾತ್ರಕ್ಕೆ ಪ್ರವೃತ್ತಿಯೂ ಅಪರೂಪವೆನ್ನಲಾಗದು. ತಾಳಗುಂದವಿದ್ದ ಬನವಾಸಿ ನಾಡು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದ ೧೨ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಐದನೆಯ ವಿಂಶತಿಯನ್ನು ಕ್ರೀಡೆಗಳಿಗೇ ಮೀಸಲಿಟ್ಟು, ಅಲ್ಲಿ ಚದುರಂಗವನ್ನು ವಿವರಿಸುತ್ತದೆ. ಸೈನ್ಯದ ನಾಲ್ಕು ಅಂಗಗಳನ್ನು ಚೌಕದ ಮನೆಗಳಿಗೆ ಇಳಿಸಿದ ಯುದ್ಧವೇ ಚದುರಂಗವಷ್ಟೆ. ಅರಮನೆಯಲ್ಲಿ ದಂತದ ಕಾಯಿಗಳಿದ್ದರೆ ಹಳ್ಳಿಯ ಕಟ್ಟೆಯಲ್ಲಿ ಸುಣ್ಣದ ಗೆರೆ, ಹುಣಿಸೆಯ ಬೀಜ. ಹುಲಿ-ಕುರಿಯ ಆಟದ ಒಂದು ಬಗೆಯಲ್ಲಿ ೩ ಹುಲಿ, ೧೫ ಕುರಿ, ೨೩ ಸಂಧಿಗಳು. ಬಲವುಳ್ಳವರು ಕೆಲವರು, ಬಲಹೀನರು ಹಲವರು. ಹಲವರು ಒಟ್ಟಾದರೆ ಹುಲಿಗೆ ದಾರಿಯಿಲ್ಲ. ಹಂಪೆಯ ಮಂಟಪಗಳ ನೆಲಗಲ್ಲುಗಳ ಮೇಲೆ ಇಂಥ ಆಟಗಳ ಗೆರೆಗಳನ್ನು ಇಂದಿಗೂ ಕಾಣಬಹುದು. ಅವುಗಳನ್ನು ಕೊರೆದವರೂ ಬೇರೊಂದು ಉದ್ದೇಶಕ್ಕೆಂದು ಹಾಸಿದ ಕಲ್ಲನ್ನು ಆಟಕ್ಕೆ ಒಲಿಸಿಕೊಂಡವರೇ.

ಇನ್ನೊಂದು ನಿದರ್ಶನವು ಮೈಸೂರಿನದು. ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ವಹಿಸಿಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಲ್ಲಿ ಸೈನ್ಯವೂ ಇರಲಿಲ್ಲ, ರಾಜ್ಯಭಾರವೂ ಇರಲಿಲ್ಲ. ೧೮೬೮ರಲ್ಲಿ ಅವರು ತೀರಿಕೊಳ್ಳುವವರೆಗಿನ ದೀರ್ಘಕಾಲವು ಸಾಹಿತ್ಯ, ಚಿತ್ರ, ಆಟಗಳ ಪೋಷಣೆಗೆ ಸಂದಿತು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳಿಗೆ ಸ್ಥಾನವಿದೆ, ಹೊಸ ಹಾಸುಗಳನ್ನೂ ಇಸ್ಪೀಟುಗಳನ್ನೂ ಅವರು ಕಲ್ಪಿಸಿದರು, ಕುದುರೆಯ ಕಾಯಿಯನ್ನು ಚದುರಂಗದ ೬೪ ಮನೆಗಳಲ್ಲಿಯೂ ಒಂದೊಂದು ಬಾರಿ ಮಾತ್ರ ನಡೆಸುವ ತುರಗಗತಿಯ ಸಮಸ್ಯೆಯಲ್ಲಿ ಆಸಕ್ತರಾಗಿದ್ದರು. ನೆಲದ ಮೇಲೆ ಕುದುರೆಯನ್ನು ಓಡಿಸುವ ಅಧಿಕಾರವನ್ನು ಕಳೆದುಕೊಂಡವರು ಅದನ್ನು ಮನೆಗಳ ಮೇಲೆ ಓಡಿಸಿದರು. ಇದನ್ನು ಕಾಲಹರಣವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚದುರಂಗದಿಂದ ಕ್ಯಾಲ್ಕುಲೇಟರಿನ ಆಟವು ಹುಟ್ಟಿತೆಂದು ಇದರ ಅರ್ಥವಲ್ಲ. ಅವೆರಡಕ್ಕೂ ವಂಶಸಂಬಂಧವಿಲ್ಲ, ಧರ್ಮಸಾಮ್ಯವಿದೆ. ಮೂರು ಲಕ್ಷಣಗಳು ಸಮಾನವಾಗಿವೆ. ಆಡುವ ಸ್ಥಳವು ಬಹುಮಟ್ಟಿಗೆ ಬೇರೆ ಕಾರ್ಯಕ್ಕೆ ಏರ್ಪಟ್ಟುದು. ಮನೆಗಳು ಮಿತವಾಗಿದ್ದು ಕಲ್ಪನೆಯು ಉಳಿದುದನ್ನು ತುಂಬುತ್ತದೆ. ಅರಸರನ್ನು ಬಿಟ್ಟರೆ ರಚಿಸಿದವರ ಹೆಸರುಗಳು ಉಳಿಯುವುದಿಲ್ಲ. ಶಿಕಾರಿಪುರ, ಸೊರಬ ಸೀಮೆಗಳಲ್ಲಿ ಹೇರಳವಾಗಿರುವ ವೀರಗಲ್ಲುಗಳನ್ನು ನೋಡಿದವರಿಗೆ ಇನ್ನೊಂದು ಸಾಮ್ಯವೂ ತೋರಬಹುದು. ಅಲ್ಲಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಆಕಾಶಯಾನ, ಮೇಲೆ ದೇವಲೋಕ. ಕಣ್ಣು ಕೆಳಗಿನಿಂದಲೇ ಮೇಲಕ್ಕೆ ಏರಬೇಕು. ಆದರೆ ವೀರಗಲ್ಲಿನ ವೀರನು ನಿಜವಾಗಿ ಸತ್ತವನು. ಆಟದ ವೀರನು ಇನ್ನೊಂದು ಕೀಲಿಯನ್ನು ಒತ್ತಿದರೆ ಎದ್ದು ಬರುತ್ತಾನೆ. ಈ ಭೇದವನ್ನು ಮರೆತರೆ ಸಾಮ್ಯವು ಅಪಚಾರವಾಗುತ್ತದೆ.

೫

ಉಳಿದುದು ಆಧಾರಗಳ ಪ್ರಶ್ನೆ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ತಪ್ಪಿನಿಂದ ಕಲಿತೆನು.

ಈ ಲೇಖನಕ್ಕಾಗಿ ಆ ವಿದ್ಯಾರ್ಥಿಯಿಂದ ಯಂತ್ರವನ್ನು ಪಡೆದು, ಆಟವನ್ನು ಹಲವು ಬಾರಿ ಆಡಿ, ಮೇಲೆ ಹೇಳಿದ ಲಕ್ಷಣಗಳನ್ನು ಗುರುತುಹಾಕಿಕೊಂಡೆನು. ಕ್ರಮವಿಧಿಯನ್ನು ಸಾಲುಸಾಲಾಗಿ ನಕಲು ಮಾಡಿಕೊಳ್ಳುವುದನ್ನು ನಾಳೆಗೆಂದು ಬಿಟ್ಟೆನು. ಅಷ್ಟರಲ್ಲಿ ಮೌಲ್ಯಮಾಪನದ ಕೆಲಸ ಬಂದಿತು. ಕಪಾಟಿನಲ್ಲಿಡುವಾಗ ಬ್ಯಾಟರಿಗಳು ಸೋರಿ ಯಂತ್ರವು ಕೆಡಬಹುದೆಂಬ ಭಯದಿಂದ ನಾಲ್ಕನ್ನೂ ಹೊರತೆಗೆದೆನು. ಸ್ಮೃತಿಯನ್ನು ಕಾಯಲೆಂದು ಒಳಗಿದ್ದ ನಾಣ್ಯದಾಕಾರದ ಸಣ್ಣ ಬ್ಯಾಟರಿಯು ಎಂದೋ ಸತ್ತಿತ್ತೆಂಬುದು ನನಗೆ ತಿಳಿಯದು. ಎರಡು ತಿಂಗಳ ಮೇಲೆ ತೆರೆದಾಗ ಪರದೆಯ ಮೇಲೆ ಸ್ಮೃತಿಯು ಬರಿದಾಗಿದೆಯೆಂಬ ಒಂದು ಸಾಲು ಮಾತ್ರ ಇದ್ದಿತು. ಸಾವಿರದ ಐನೂರು ವರ್ಷಗಳ ಹಿಂದಿನ ಶಾಸನದ ಪಾಠವನ್ನು ಕಲಿಸುವವನು, ತನ್ನ ಕೈಯಲ್ಲಿದ್ದ ಹೊಸ ಆಧಾರವನ್ನು ಎರಡು ತಿಂಗಳು ಉಳಿಸಿಕೊಳ್ಳಲಿಲ್ಲ.

ವಿದ್ಯಾರ್ಥಿಯು ಸಿಟ್ಟಾಗಲಿಲ್ಲ, ನೆನಪಿನಿಂದ ಮತ್ತೊಮ್ಮೆ ಬರೆದುಕೊಟ್ಟನು. ಆದರೆ ಅದು ಮೊದಲಿನದಲ್ಲ. ಈಗ ಬಾಣವು ಮೂರು ಮನೆ ಏರುವಷ್ಟರಲ್ಲಿ ವೈರಿಯು ಒಂದು ಮನೆ ಸರಿಯುತ್ತಾನೆ. ಬಾಣಗಳು ಹತ್ತಲ್ಲ, ಹನ್ನೆರಡು. ಹಿಂದಿನದು ಹೇಗಿತ್ತೆಂದು ಕೇಳಿದರೆ ಅವನಿಗೇ ಪೂರ್ಣವಾಗಿ ನೆನಪಿಲ್ಲ. ಎರಡು ಪಾಠಗಳಲ್ಲಿ ಒಂದು ನಷ್ಟವಾದುದು, ಇನ್ನೊಂದು ಕರ್ತೃವಿನಿಂದಲೇ ತಿದ್ದಲ್ಪಟ್ಟುದು. ಮೊದಲನೆಯದಕ್ಕೆ ಈಗ ಉಳಿದಿರುವ ಸಾಕ್ಷ್ಯವು ನನ್ನ ಟಿಪ್ಪಣಿಗಳು ಮಾತ್ರ. ಅವನ್ನು ಮಾಡಿದವನೇ ಮೂಲವನ್ನು ನಾಶಮಾಡಿದವನು. ಇಂಥ ಸಾಕ್ಷ್ಯಕ್ಕೆ ಎಷ್ಟು ಬೆಲೆಯೆಂಬುದನ್ನು ವಾಚಕರೇ ನಿರ್ಣಯಿಸಬೇಕು.

ಹಂಪೆಯ ನೆಲಗಲ್ಲಿನ ಗೆರೆಗಳು ಉಳಿದಿವೆ. ಅವುಗಳ ಕಾಲವೂ ಕರ್ತೃವೂ ತಿಳಿಯವು. ಸುಣ್ಣದ ಗೆರೆಗಳು ಮಳೆಗೆ ಹೋದವು. ವಿದ್ಯುತ್ತಿನ ಬಲದಿಂದ ನಿಂತ ಸ್ಮೃತಿಯು ಸುಣ್ಣಕ್ಕಿಂತಲೂ ಅಲ್ಪಾಯು. ಆದುದರಿಂದ ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಸಲಹೆ: ವಿದ್ಯಾರ್ಥಿಗಳು ತಾವೇ ಕಟ್ಟಿದ ಆಟಗಳು ಕಣ್ಣಿಗೆ ಬಿದ್ದಾಗ, ಗದರಿಸುವ ಮೊದಲು, ಅವುಗಳ ನಿಯಮಗಳನ್ನೂ ಕ್ರಮವಿಧಿಯನ್ನೂ ರಚನೆಯ ದಿನಾಂಕವನ್ನೂ ಕಾಗದದ ಮೇಲೆ ಬರೆಯಿಸಿ ವಿಭಾಗದಲ್ಲಿ ಇರಿಸಬೇಕು. ಖರ್ಚು ಒಂದು ನೋಟ್‌ಬುಕ್ಕಿನದು. ಮುಂದಿನವರು ನಮ್ಮ ಕಾಲದ ತರುಣರು ಏನನ್ನು ಕಲ್ಪಿಸಿದರೆಂದು ಕೇಳಿದಾಗ ತೋರಿಸಲು ಏನಾದರೂ ಇರುತ್ತದೆ.

ತಾಳಗುಂದದ ಶಾಸನದ ಕೊನೆಯಲ್ಲಿ ಕವಿ ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ. ರಚಿಸಿದವನೂ ಬರೆದವನೂ ಒಬ್ಬನೇ. ಆ ಹುಡುಗನೂ ಹಾಗೆಯೇ. ಅವನ ಎರಡನೆಯ ಪಾಠವನ್ನು ಈ ಸಲ ನಕಲು ಮಾಡಿಸಿದ್ದೇನೆ, ನಲವತ್ತೊಂದು ಸಾಲುಗಳಿವೆ. ಕೆಳಗೆ ಅವನ ಕೈಯಿಂದಲೇ ಹೆಸರನ್ನೂ ದಿನಾಂಕವನ್ನೂ ಬರೆಯಿಸಿ ವಿಭಾಗದ ಕಪಾಟಿನಲ್ಲಿ ಇರಿಸಲಾಗಿದೆ.