ಬೇರೆಯಾದ ಮನೆಗಳು, ಒಂದೇ ಹೊಳೆಯ ನೀರು

ವಾರಾಂತ್ಯದಲ್ಲಿ ಜೊಹೊರ್ ಬಾರುವಿಗೆ ಹೊರಡುವ ನಮಗೆಲ್ಲ ವುಡ್‌ಲ್ಯಾಂಡ್ಸ್ ಗಡಿಯ ಸರತಿಸಾಲು ಚಿರಪರಿಚಿತ. ಒಂದು ಕಿಲೋಮೀಟರಿಗಿಂತ ತುಸು ಉದ್ದದ ಕಾಸ್‌ವೇ ದಾಟಲು ಎರಡು ಕಡೆ ತಪಾಸಣೆಗೆ ನಿಲ್ಲಬೇಕು. ಈ ಸೇತುರಸ್ತೆ 1924ರಲ್ಲೇ ತೆರೆದಿದ್ದರೂ ಇಲ್ಲಿ ಪಾಸ್‌ಪೋರ್ಟ್ ತಪಾಸಣೆ ಬಂದದ್ದು 1967ರಲ್ಲಿ. ನಡುವೆ ಒಂದು ಒಕ್ಕೂಟ ಹುಟ್ಟಿ, ಒಡೆದಿತ್ತು.

1963ರ ಸೆಪ್ಟೆಂಬರ್ 16ರಂದು ಮಲಯ, ಸಬಾ, ಸರವಾಕ್‌ಗಳೊಡನೆ ಸಿಂಗಪುರವೂ ಸೇರಿ ಮಲೇಷ್ಯಾ ರೂಪುಗೊಂಡಿತು. ಭರವಸೆಯಿತ್ತಿದ್ದ ಸಾಮಾನ್ಯ ಮಾರುಕಟ್ಟೆ ಕೈಗೂಡಲಿಲ್ಲ. 1964ರಲ್ಲಿ ಎರಡು ಬಾರಿ ಮಲಯರಿಗೂ ಚೀನೀಯರಿಗೂ ನಡುವೆ ಗಲಭೆಗಳಾದವು. 1965ರ ಆಗಸ್ಟ್ 9ರಂದು ಕ್ವಾಲಾಲಂಪುರದ ಸಂಸತ್ತು ಸಿಂಗಪುರವನ್ನು ಬೇರ್ಪಡಿಸುವ ತಿದ್ದುಪಡಿಯನ್ನು ಒಂದೂ ವಿರೋಧ ಮತವಿಲ್ಲದೆ ಅಂಗೀಕರಿಸಿತು. ಲೀ ಕ್ವಾನ್ ಯೂ ದೂರದರ್ಶನದ ಮುಂದೆ ಕಣ್ಣೀರಿಟ್ಟರು. ಇದನ್ನು ಉಚ್ಚಾಟನೆಯೆಂದು ಕರೆಯುವುದು ವಾಡಿಕೆ. ಆದರೆ ಅದಕ್ಕೆ ಮುನ್ನ ಗೋ ಕೆಂಗ್ ಸ್ವೀ ಅವರು ಮಲೇಷ್ಯಾದ ಅಬ್ದುಲ್ ರಜಾಕ್ ಅವರೊಡನೆ ಗುಟ್ಟಾಗಿ ಮಾತುಕತೆ ನಡೆಸಿದ್ದರೆಂಬುದನ್ನು ನಾವು ಮರೆಯಬಾರದು.

ಸಂಸತ್ತಿನ ಕೆಲಸ ಒಂದು ದಿನದಲ್ಲಿ ಮುಗಿಯಿತು. ನೀರಿನ ಲೆಕ್ಕ ಮುಗಿಯಲಿಲ್ಲ. 1961 ಮತ್ತು 1962ರ ಒಪ್ಪಂದಗಳಂತೆ ಸಿಂಗಪುರಕ್ಕೆ ಜೊಹೊರ್ ಪ್ರಾಂತ್ಯದಿಂದ ನೀರು ಬರುತ್ತಿತ್ತು. ಎರಡನೆಯ ಒಪ್ಪಂದದನ್ವಯ ಜೊಹೊರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್‌ವರೆಗೆ ಪಡೆಯಬಹುದು. ಸಾವಿರ ಗ್ಯಾಲನ್ನಿಗೆ ಬೆಲೆ 3 ಸೆನ್. ಬೇರ್ಪಡೆಯ ಕರಾರಿನಲ್ಲಿಯೇ ಮಲೇಷ್ಯಾ ಈ ಒಪ್ಪಂದಗಳಿಗೆ ಖಾತರಿ ನೀಡಿತು. ಆದರೂ ಸಿಂಗಪುರ ಅಡ್ಡದಾರಿ ಹಿಡಿದರೆ ನೀರು ನಿಲ್ಲಿಸಬಹುದೆಂದು ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಆ ದಿನಗಳಲ್ಲೇ ಬ್ರಿಟಿಷ್ ರಾಯಭಾರಿಗೆ ಹೇಳಿದ್ದನ್ನು ಲೀ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಮುಂದಿನ ದಶಕಗಳ ಸಂಶಯಕ್ಕೆ ಆ ಒಂದು ಮಾತೇ ಸಾಕಾಯಿತು.

25 ವರ್ಷಗಳ ಬಳಿಕ ದರವನ್ನು ಪರಿಶೀಲಿಸಬಹುದೆಂಬ ಕಲಮು ಒಪ್ಪಂದದಲ್ಲಿತ್ತು. 1987ರಲ್ಲಿ ಮಲೇಷ್ಯಾ ಅದನ್ನು ಬಳಸಲಿಲ್ಲ. ಹಕ್ಕು ಕಳೆದುಹೋಯಿತೆಂದು ಸಿಂಗಪುರ, ಉಳಿದಿದೆಯೆಂದು ಮಲೇಷ್ಯಾ. ಮಹಾತಿರ್ ಅವರ ಕಾಲದಲ್ಲಿ ಈ 3 ಸೆನ್ ದೊಡ್ಡ ಕೂಗಾಯಿತು. ಶುದ್ಧೀಕರಿಸಿದ ನೀರನ್ನು ಸಾವಿರ ಗ್ಯಾಲನ್ನಿಗೆ 50 ಸೆನ್‌ನಂತೆ ಜೊಹೊರ್‌ಗೆ ಮರಳಿ ಮಾರುವಾಗ ಶುದ್ಧೀಕರಣದ ವೆಚ್ಚವೂ ಹುಟ್ಟುವುದಿಲ್ಲವೆಂಬುದು ಸಿಂಗಪುರದ ಉತ್ತರ. (ಕಾಸ್‌ವೇ ತೆರೆದ ಆ 1924ರಲ್ಲೇ ಮೈಸೂರು–ಮದ್ರಾಸುಗಳ ಕಾವೇರಿ ಒಪ್ಪಂದವೂ ಆದದ್ದು, 50 ವರ್ಷದ ನಂತರದ ಪುನರ್ವಿಮರ್ಶೆಯ ಮಾತು ಅದರಲ್ಲಿಯೂ ಇದ್ದದ್ದು ನಮ್ಮಲ್ಲಿ ಹಲವರಿಗೆ ನೆನಪಾಗದಿರದು.) ಇನ್ನೊಬ್ಬರ ನಲ್ಲಿಯನ್ನು ನಂಬಿ ಕೂರಲಾಗದೆ ಸಿಂಗಪುರ 2003ರಿಂದ ಬಳಸಿದ ನೀರನ್ನೇ ಶುದ್ಧೀಕರಿಸಿ ‘ನ್ಯೂವಾಟರ್’ ಎಂದು ಮತ್ತೆ ಬಳಕೆಗೆ ತಂದಿತು.

ನಾಣ್ಯ ಬೇರೆಯಾಯಿತು, ಜಂಟಿ ವಿಮಾನ ಸಂಸ್ಥೆ 1972ರಲ್ಲಿ ಎರಡಾಯಿತು. ರೈಲು ಮಾತ್ರ ಹಟ ಹಿಡಿಯಿತು. ಸಿಂಗಪುರದ ನಡುವೆ ಹಾದುಹೋದ ಹಳಿ, ತಂಜೊಂಗ್ ಪಗಾರ್ ನಿಲ್ದಾಣ ಎಲ್ಲವೂ ಮಲೇಷ್ಯಾ ರೈಲ್ವೆಯವೇ. 1998ರಲ್ಲಿ ಸಿಂಗಪುರ ತನ್ನ ತಪಾಸಣೆಯನ್ನು ವುಡ್‌ಲ್ಯಾಂಡ್ಸಿಗೆ ಸಾಗಿಸಿದಾಗ ಮಲೇಷ್ಯಾ ಕದಲಲಿಲ್ಲ. ಪ್ರಯಾಣಿಕ ಸಿಂಗಪುರ ಬಿಡುವ ಮೊದಲೇ ಮಲೇಷ್ಯಾ ಪ್ರವೇಶಿಸಿದಂತಾಗುತ್ತಿತ್ತು! 2010ರ ಭೂವಿನಿಮಯದಿಂದ ವ್ಯಾಜ್ಯ ಬಗೆಹರಿಯಿತು. 2011ರ ಜೂನ್ 30ರ ರಾತ್ರಿ ಕೊನೆಯ ರೈಲನ್ನು ಜೊಹೊರ್‌ನ ಸುಲ್ತಾನರೇ ನಡೆಸಿಕೊಂಡು ಹೋದರು.

ಅದೇ ಆಗಸ್ಟ್‌ನಲ್ಲಿ 1961ರ ನೀರೊಪ್ಪಂದದ ಅವಧಿ ತೀರಿತು. ಸಿಂಗಪುರ ಅಲ್ಲಿನ ಜಲಾಗಾರಗಳನ್ನು ಜೊಹೊರ್‌ಗೆ ಒಪ್ಪಿಸಿತು. 1962ರದ್ದು 2061ರವರೆಗೆ ಇದೆ. ಇಂದು ನಮ್ಮ ಮನೆಗಳಲ್ಲಿ ಅಕ್ಷರ ತಿದ್ದುತ್ತಿರುವ ಮಕ್ಕಳು ಆಗ ನಡುವಯಸ್ಸಿನವರಾಗಿರುತ್ತಾರೆ.